ಕೇಸು ಮುಗಿಯೋ ತನಕ ಮನೇಲಿ ಇರೋರು ಯಾರು?

ಈ ತಿಂಗಳು ಬಂದಿರೋ ಪತ್ರಗಳನ್ನ ಮುಂದಿಟ್ಕೊಂಡು ಕೂತ್ರೆ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಡಿವೋರ್ಸ್ ಕೇಸು ಹಾಕಾಗಿದೆ ಅಥ್ವಾ ಹಾಕೋದ್ರಲ್ಲಿದಾರೆ, ಆದ್ರೆ ಗಂಡ ಹೆಂಡ್ತಿ ಇಬ್ರೂ ಇನ್ನೂ ಅದೇ ಮನೇಲಿ, ಒಬ್ರು ಹಾಲಲ್ಲಿ ಒಬ್ರು ರೂಮಲ್ಲಿ. ಜೀವನಾಂಶ ಎಷ್ಟು, ಮಗು ಯಾರ ಹತ್ರ ಅಂತ ಎಲ್ರೂ ಕೇಳ್ತಾರೆ, ಕೇಸು ಎಳೆಯೋ ಅಷ್ಟು ದಿನ ರಾತ್ರಿ ಮಲಗೋದೆಲ್ಲಿ ಅನ್ನೋದನ್ನ ಮಾತ್ರ ಎಷ್ಟೋ ಸಲ ನಮ್ಮ ಲಾಯರ್‌ಗಳೂ ಮರ್ತೇ ಬಿಡ್ತೀವಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಓದೋ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಮನೆ ಯಾರ ಹೆಸರಲ್ಲಿದೆ ಅನ್ನೋದು ಒಂದು ಪ್ರಶ್ನೆ, ಸದ್ಯಕ್ಕೆ ಅದ್ರಲ್ಲಿ ಯಾರಿರ್ಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಇವೆರಡನ್ನ ಒಂದೇ ಅಂದ್ಕೊಂಡಿದ್ದಕ್ಕೇ ಮುಕ್ಕಾಲು ಪಾಲು ಗೊಂದಲ.

ಪ್ರಶ್ನೆ: ನನಗೆ 38 ವರ್ಷ, ಮದ್ವೆ ಆಗಿ 14 ವರ್ಷ, ಮಗಳು ಎಂಟನೇ ಕ್ಲಾಸು. ಗಂಡ ಫ್ಯಾಮಿಲಿ ಕೋರ್ಟಲ್ಲಿ ಡಿವೋರ್ಸ್‌ಗೆ ಹಾಕಿದಾರೆ, ಆದ್ರೆ ಮನೆ ಬಿಟ್ಟು ಹೋಗಿಲ್ಲ. ಫ್ಲ್ಯಾಟ್ ಇಬ್ರ ಹೆಸರಲ್ಲೂ ಇದೆ, ಲೋನ್ ಕಂತು ಅವ್ರ ಅಕೌಂಟಿಂದ ಹೋಗುತ್ತೆ. ದಿನಾ ರಾತ್ರಿ ಕುಡಿದು ಬಂದು ಗಲಾಟೆ, ಎರಡು ಸಲ ಕೈನೂ ಮಾಡಿದಾರೆ. ಮಗಳು ರೂಮಿನ ಚಿಲಕ ಹಾಕ್ಕೊಂಡು ಓದ್ತಾಳೆ. ಅಮ್ಮ ತವರಿಗೆ ಬಂದ್ಬಿಡು ಅಂತಾರೆ, ಗೆಳತಿ ಮನೆ ಬಿಟ್ರೆ ಹಕ್ಕು ಹೋಗುತ್ತೆ ಅಂತಾಳೆ. ಕೇಸು ಮುಗಿಯೋ ತನಕ ಅವ್ರನ್ನೇ ಹೊರಗೆ ಕಳ್ಸೋಕೆ ಆಗುತ್ತಾ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಆಗುತ್ತೆ ತಾಯಿ. ಸುಲಭ ಅಂತ ಹೇಳಲ್ಲ, ಆದ್ರೆ ಆಗುತ್ತೆ.

ಮೊದ್ಲು ಗೆಳತಿ ಹೇಳಿದ್ದು. ಮನೆ ಬಿಟ್ರೆ ಹಕ್ಕು ಹೋಗುತ್ತೆ ಅನ್ನೋದು ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಅಂದ್ರೆ ಕೋರ್ಟಲ್ಲಿ ಎಲ್ರೂ ಡಿವಿ ಆಕ್ಟ್ ಅಂತಾರಲ್ಲ ಅದೇ, ವಾಸದ ಹಕ್ಕಿಗೆ ಈಗ ವಾಸ ಇರೋ ಮನೆ ಜೊತೆಗೆ ಹಿಂದೆ ಯಾವತ್ತೋ ವಾಸ ಇದ್ದ ಮನೆನೂ ಲೆಕ್ಕಕ್ಕೆ ತಗೊಳುತ್ತೆ. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಕೇಸಲ್ಲಿ ಸುಪ್ರೀಂ ಕೋರ್ಟು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ಇದನ್ನ ಇನ್ನೂ ವಿಸ್ತಾರವಾಗಿ ಹೇಳಿದೆ. ಹಾಗಾಗಿ ಜೀವಕ್ಕೆ ಭಯ ಇದ್ರೆ ಹಕ್ಕು ಹೋಗುತ್ತೆ ಅಂತ ಹೆದ್ರಿ ಅಲ್ಲೇ ಕೂರ್ಬೇಡಿ, ಮಗಳನ್ನ ಕರ್ಕೊಂಡು ಹೊರಡಿ, ಆಮೇಲೆ ಆರ್ಡರ್ ತಗೊಂಡು ವಾಪಸ್ ಬರ್ಬೋದು. ಆದ್ರೆ ಭಯದ ಮಟ್ಟಕ್ಕೆ ಹೋಗಿಲ್ಲ, ಬರೀ ಬೇಜಾರು ಅಂತ ಹೊರಡೋದಾದ್ರೆ ಒಂದ್ಸಲ ಯೋಚ್ನೆ ಮಾಡಿ, ಯಾಕಂದ್ರೆ ಹಕ್ಕು ಉಳಿದ್ರೂ ಒಳಗಿದ್ದು ಕೇಳೋದಕ್ಕೂ ಹೊರಗೆ ನಿಂತು ಕೇಳೋದಕ್ಕೂ ತುಂಬಾ ವ್ಯತ್ಯಾಸ ಇದೆ, ಜಡ್ಜ್ ಮುಂದೆ ‘ಇವ್ರು ಆರು ತಿಂಗಳಿಂದ ತವರಲ್ಲಿ ಆರಾಮಾಗಿದಾರೆ ಸ್ವಾಮಿ, ಈಗೇನು ಅರ್ಜೆಂಟು’ ಅಂತ ಆ ಕಡೆ ಲಾಯರ್ ಹೇಳೋದು ಗ್ಯಾರಂಟಿ.

ಈಗ ಗಂಡನ್ನ ಹೊರಗೆ ಕಳ್ಸೋ ವಿಚಾರ. ಆ ಕಾಯ್ದೆ 19ನೇ ಸೆಕ್ಷನ್ ಪೂರ್ತಿ ವಾಸದ ಆದೇಶಗಳ ಬಗ್ಗೆನೇ ಇದೆ. ಹೆಂಡ್ತಿನ ಮನೆಯಿಂದ ಹೊರಗೆ ಹಾಕ್ಬಾರ್ದು ಅಂತ ಆರ್ಡರ್ ಮಾಡ್ಬೋದು, ಗಂಡನೇ ಮನೆ ಖಾಲಿ ಮಾಡ್ಬೇಕು ಅಂತ ಮಾಡ್ಬೋದು, ಹೆಂಡ್ತಿ ಇರೋ ಭಾಗಕ್ಕೆ ಅವ್ನಾಗ್ಲಿ ಅವ್ನ ಕಡೆಯವ್ರಾಗ್ಲಿ ಕಾಲಿಡ್ಬಾರ್ದು ಅಂತ ಮಾಡ್ಬೋದು, ಮನೆ ಮಾರೋದು ಅಡ ಇಡೋದು ನಿಲ್ಲಿಸ್ಬೋದು, ಇಲ್ಲಾಂದ್ರೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು ಇಲ್ಲ ಬಾಡಿಗೆ ಕಟ್ಟು ಅಂತ ಹೇಳ್ಬೋದು. ತುಂಬಾ ಅರ್ಜೆಂಟ್ ಇದ್ರೆ 23ನೇ ಸೆಕ್ಷನ್ನಲ್ಲಿ ಮಧ್ಯಂತರ ಆದೇಶ, ಬೇಕಿದ್ರೆ ಆ ಕಡೆಯವ್ರು ಬರೋ ಮುಂಚೆನೇ ಎಕ್ಸ್ ಪಾರ್ಟೆ ಆದೇಶ ಕೊಡೋ ಅಧಿಕಾರ ಮ್ಯಾಜಿಸ್ಟ್ರೇಟ್‌ಗೆ ಇದೆ.

ನೀವು ಹೊಸದಾಗಿ ಮ್ಯಾಜಿಸ್ಟ್ರೇಟ್ ಹತ್ರನೇ ಹೋಗ್ಬೇಕು ಅಂತಿಲ್ಲ. 26ನೇ ಸೆಕ್ಷನ್ ಪ್ರಕಾರ ಈಗ ನಡೀತಿರೋ ಫ್ಯಾಮಿಲಿ ಕೋರ್ಟ್ ಕೇಸಲ್ಲೇ ಇದೇ ಪರಿಹಾರ ಕೇಳ್ಬೋದು, ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಎರಡೂ ಕಡೆ ಹಾಕೋದಾದ್ರೆ ಒಂದು ಕಡೆ ಸಿಕ್ಕಿದ್ದನ್ನ ಇನ್ನೊಂದು ಕಡೆ ಮುಚ್ಚಿಡ್ಬೇಡಿ, ಹೇಳ್ಲೇಬೇಕು ಅಂತ ಅದೇ ಸೆಕ್ಷನ್ನಲ್ಲಿದೆ.

‘ಫ್ಲ್ಯಾಟಲ್ಲಿ ನಂದೂ ಪಾಲಿದೆ, ಕಂತು ನಾನು ಕಟ್ತೀನಿ, ನಾನ್ಯಾಕೆ ಹೋಗ್ಲಿ’ ಅಂತ ನಿಮ್ಮ ಗಂಡ ಕೇಳೇ ಕೇಳ್ತಾರೆ. 2017ರಲ್ಲಿ ಸಮೀರ್ ವಿದ್ಯಾಸಾಗರ್ ಭಾರದ್ವಾಜ್ ಕೇಸಲ್ಲೂ ಮನೆ ಜಂಟಿ ಹೆಸರಲ್ಲಿತ್ತು, ಆದ್ರೂ ಡಿವೋರ್ಸ್ ಕೇಸು ಮುಗಿಯೋ ತನಕ ಗಂಡ ಹೊರಗಿರ್ಬೇಕು ಅನ್ನೋ ಆದೇಶವನ್ನ ಸುಪ್ರೀಂ ಕೋರ್ಟು ಎತ್ತಿ ಹಿಡೀತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆರ್.ಎನ್. ಮಂಜುಳಾ ಇನ್ನೂ ನೇರವಾಗಿ ಹೇಳಿದ್ರು, ಮನೇಲಿ ನೆಮ್ಮದಿ ಇರ್ಬೇಕು ಅಂದ್ರೆ ಗಂಡ ಹೊರಗೆ ಹೋಗೋದೊಂದೇ ದಾರಿ ಅಂತಾದ್ರೆ ಕೋರ್ಟು ಹಾಗೆ ಆದೇಶ ಮಾಡ್ಬೇಕು, ಅವ್ನಿಗೆ ಬೇರೆ ಮನೆ ಇದ್ಯಾ ಇಲ್ವಾ ಅಂತ ನೋಡ್ತಾ ಕೂರೋ ಹಾಗಿಲ್ಲ ಅಂತ. ಅದು ಬೇರೆ ರಾಜ್ಯದ ಹೈಕೋರ್ಟು, ಇಲ್ಲಿಯ ಕೋರ್ಟನ್ನ ಕಟ್ಟಿಹಾಕಲ್ಲ, ಆದ್ರೆ ತೋರಿಸೋಕೆ ಅಡ್ಡಿಯಿಲ್ಲ.

ಆದ್ರೆ ಬರೀ ‘ಹೊಂದಾಣಿಕೆ ಇಲ್ಲ, ಮುಖ ನೋಡೋಕಾಗಲ್ಲ’ ಅಂದ್ರೆ ಯಾವ ಕೋರ್ಟೂ ಒಬ್ಬ ಮನುಷ್ಯನ್ನ ಅವ್ನ ಮನೆಯಿಂದ ಆಚೆ ಹಾಕಲ್ಲ. ಕೈ ಮಾಡಿದ ದಿನ ಆಸ್ಪತ್ರೆಗೆ ಹೋಗಿದ್ರೆ ಆ ಚೀಟಿ, 112ಕ್ಕೆ ಫೋನ್ ಮಾಡಿದ್ರೆ ಅದರ ದಾಖಲೆ, ಬೈದಿರೋ ವಾಟ್ಸ್ಯಾಪ್ ಮೆಸೇಜು, ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ರಿಜಿಸ್ಟರು, ಮಗಳ ಸ್ಕೂಲಲ್ಲಿ ಟೀಚರ್ ಏನಾದ್ರೂ ಗಮನಿಸಿ ಬರ್ದಿದ್ರೆ ಅದು, ಇಂಥ ಚೂರುಪಾರೇ ಕೊನೆಗೆ ಕೆಲ್ಸಕ್ಕೆ ಬರೋದು. ಮಗಳು ಚಿಲಕ ಹಾಕ್ಕೊಂಡು ಓದ್ತಾಳೆ ಅಂತ ಬರ್ದಿದೀರಲ್ಲ, ಅದನ್ನ ಅಫಿಡವಿಟ್ಟಲ್ಲಿ ಹಾಗೇ ಬರ್ಸಿ. ‘ಮಾನಸಿಕ ಹಿಂಸೆ ನೀಡಿರುತ್ತಾರೆ’ ಅನ್ನೋ ರೆಡಿಮೇಡ್ ವಾಕ್ಯನ ಜಡ್ಜ್‌ಗಳು ದಿನಕ್ಕೆ ಹತ್ತು ಸಲ ಓದ್ತಾರೆ, ಕಣ್ಣು ಮುಂದೆ ಹೋಗ್ಬಿಡುತ್ತೆ.

ಕಂತಿನ ವಿಷ್ಯ. ಆದೇಶ ಮಾಡುವಾಗ್ಲೇ ಬಾಡಿಗೆ ಮತ್ತೆ ಬೇರೆ ಪಾವತಿಗಳನ್ನ ಯಾರು ಕಟ್ಬೇಕು ಅಂತ ಹೇಳೋ ಅಧಿಕಾರ 19ರಲ್ಲೇ ಇದೆ, ಕೇಳಿಕೊಳ್ಳಿ. ಕೇಳ್ದೇ ಬಿಟ್ರೆ ಅವ್ರು ಹೊರಗೆ ಹೋದ ತಿಂಗಳೇ ಕಂತು ನಿಲ್ಲಿಸ್ತಾರೆ, ನೀವೂ ಸಾಲಕ್ಕೆ ಸಹಿ ಹಾಕಿದ್ರೆ ಬ್ಯಾಂಕಿನವ್ರು ನಿಮಗೇ ಫೋನ್ ಮಾಡ್ತಾರೆ, ಬ್ಯಾಂಕಿಗೆ ನಿಮ್ಮ ಡಿವೋರ್ಸು ಕಟ್ಕೊಂಡು ಏನಾಗ್ಬೇಕಿದೆ.

ಟೈಮ್ ಎಷ್ಟು ಹಿಡಿಯುತ್ತೆ ಅಂದ್ರೆ, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ಹಿಯರಿಂಗು, ಅಲ್ಲಿಂದ 60 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೇಲಿದೆ. ಆ ಅರವತ್ತನ್ನ ಓದಿ ನಗ್ಬೇಡಿ, ನಾವೂ ನಗಲ್ಲ, ಅಭ್ಯಾಸ ಆಗೋಗಿದೆ. ಅದಕ್ಕೇ ಮಧ್ಯಂತರ ಅರ್ಜಿನ ಮುಖ್ಯ ಅರ್ಜಿ ಜೊತೆಗೇ ಹಾಕ್ಬೇಕು ಅನ್ನೋದು. ಲಾಯರ್ ಫೀಸಿಗೆ ಕಷ್ಟ ಇದ್ರೆ ನಿಮ್ಮ ಊರಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯದ ಮಿತಿ ಇಲ್ದೇ ಉಚಿತ ಲಾಯರ್ ಕೊಡ್ತಾರೆ, 15100 ಅವ್ರ ಸಹಾಯವಾಣಿ. ಮಹಿಳಾ ಸಹಾಯವಾಣಿ 181.

ಪ್ರಶ್ನೆ: ನಾವಿರೋದು ಅತ್ತೆ ಹೆಸರಿನ ಮನೆ. ಗಂಡ ಹೋದ ವರ್ಷ ಡಿವೋರ್ಸ್ ಹಾಕಿ ಬೇರೆ ರೂಮ್ ಮಾಡ್ಕೊಂಡಿದಾರೆ, ನಾನು ಮಗ ಅತ್ತೆ ಮಾವ ಇಲ್ಲೇ. ಈಗ ಅತ್ತೆ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಲ್ಲಿ ಹಿರಿಯ ನಾಗರಿಕರ ಕಾಯ್ದೆ ಅಡಿ ಅರ್ಜಿ ಕೊಟ್ಟು ನನ್ನನ್ನ ಖಾಲಿ ಮಾಡ್ಸಿ ಅಂತ ಕೇಳಿದಾರೆ, ನೋಟಿಸ್ ಬಂದಿದೆ. ಮನೆ ಗಂಡಂದಲ್ಲ ಅಂದ್ಮೇಲೆ ನನಗೇನೂ ಇಲ್ಲ ಅಂತ ಎಲ್ರೂ ಅಂತಾರೆ.
ಓದುಗಿ, ಬೆಂಗಳೂರು

ಉತ್ತರ: ‘ಎಲ್ರೂ’ ಹೇಳ್ತಿರೋದು 2006ರ ಕಾನೂನು. ಆ ವರ್ಷ ಎಸ್.ಆರ್. ಬಾತ್ರಾ ಕೇಸಲ್ಲಿ ಸುಪ್ರೀಂ ಕೋರ್ಟು ಅತ್ತೆ ಹೆಸರಿನ ಮನೆ ಮೇಲೆ ಸೊಸೆಗೆ ವಾಸದ ಹಕ್ಕಿಲ್ಲ, ಗಂಡಂದೋ ಗಂಡ ಬಾಡಿಗೆಗೆ ಹಿಡ್ದಿದ್ದೋ ಇಲ್ಲ ಅವ್ನಿಗೂ ಪಾಲಿರೋ ಒಟ್ಟು ಕುಟುಂಬದ ಮನೆನೋ ಆಗಿದ್ರೆ ಮಾತ್ರ ಅಂದಿತ್ತು. ಸುಮಾರು 14 ವರ್ಷ ಅದನ್ನೇ ಹಿಡ್ಕೊಂಡು ಎಷ್ಟು ಸೊಸೆಯಂದಿರನ್ನ ಬೀದಿಗೆ ಹಾಕಿದ್ರೋ ಲೆಕ್ಕ ಇಟ್ಟೋರಿಲ್ಲ. 2020ರ ಅಕ್ಟೋಬರ್ 15ಕ್ಕೆ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಿಲ್ಲ ಅಂತ ತಳ್ಳಿಹಾಕ್ತು. ಮನೆ ಮಾವನ ಹೆಸರಲ್ಲಿದ್ರೂ ಅತ್ತೆ ಹೆಸರಲ್ಲಿದ್ರೂ ಸೊಸೆ ಅಲ್ಲಿ ಸಂಸಾರ ಮಾಡ್ಕೊಂಡು ಖಾಯಮ್ಮಾಗಿ ವಾಸ ಇದ್ಲು ಅಂದ್ರೆ ಅದು ‘ಕೂಡಿ ಬಾಳಿದ ಮನೆ’ನೇ, ಅಂದ್ರೆ ಡಿವಿ ಆಕ್ಟ್ ಪ್ರಕಾರ ಅವ್ಳಿಗೆ ವಾಸದ ಹಕ್ಕಿರೋ ಮನೆ. ಹಬ್ಬಕ್ಕೆ ನಾಲ್ಕು ದಿನ ಹೋಗಿದ್ದ ಚಿಕ್ಕಪ್ಪನ ಮನೆ ಲೆಕ್ಕಕ್ಕೆ ಬರಲ್ಲ ಅನ್ನಿ.

ನಿಮ್ಮ ನೋಟಿಸ್ ವಿಚಾರಕ್ಕೆ ಅದಕ್ಕಿಂತ ಹತ್ತಿರದ್ದೇ ಒಂದು ಕೇಸಿದೆ, ಅದೂ ನಮ್ಮ ಬೆಂಗಳೂರಿಂದೇ. ಎಸ್. ವನಿತಾ ವರ್ಸಸ್ ಬೆಂಗಳೂರು ನಗರ ಜಿಲ್ಲಾಧಿಕಾರಿ, 2020ರ ಡಿಸೆಂಬರ್ 15. ಮಗ ತಗೊಂಡಿದ್ದ ಆಸ್ತಿನ ಅಪ್ಪನಿಗೆ ಮಾರಿದಾನೆ, ಗಂಡ ಹೆಂಡ್ತಿ ಜಗಳ ಕೋರ್ಟಲ್ಲಿರುವಾಗ ಅಪ್ಪ ಅದನ್ನ ಅಮ್ಮನಿಗೆ ಗಿಫ್ಟ್ ಡೀಡ್ ಮಾಡಿದಾರೆ, ಆಮೇಲೆ ಅತ್ತೆ ಮಾವ ನಿಮ್ಮ ಅತ್ತೆ ಹೋದ ದಾರೀಲೇ ಎಸಿ ಹತ್ರ ಹೋಗಿದಾರೆ. ಎಸಿ ಖಾಲಿ ಮಾಡ್ಸಿ ಅಂದ್ರು, ಡಿಸಿ ಸರಿ ಅಂದ್ರು, ಹೈಕೋರ್ಟೂ ಸರಿ ಅಂತು. ಸುಪ್ರೀಂ ಕೋರ್ಟು ಅದೆಲ್ಲ ರದ್ದು ಮಾಡಿ, ಹಿರಿಯ ನಾಗರಿಕರ ಕಾಯ್ದೇನ ಸೊಸೆಯ ವಾಸದ ಹಕ್ಕು ಕೊಲ್ಲೋಕೆ ಅಡ್ಡದಾರಿ ಮಾಡ್ಕೋಬಾರ್ದು ಅಂತು, ಎರಡೂ ಕಾಯ್ದೆ ಜೊತೆಜೊತೆಗೇ ಓದ್ಬೇಕು ಅಂತು. ಆಕೆ ಡಿವಿ ಆಕ್ಟ್ ಅಡಿ ಪರಿಹಾರ ಕೇಳೋಕೆ ಒಂದು ವರ್ಷ ರಕ್ಷಣೆನೂ ಕೊಡ್ತು. ಈ ತೀರ್ಪಿನ ಪ್ರತಿ ಇಟ್ಕೊಂಡೇ ಎಸಿ ಮುಂದೆ ಹೋಗಿ, ಅದೇ ವಾರ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ನಿಮ್ಮ ಅರ್ಜಿನೂ ಇರ್ಲಿ. ನೋಟಿಸ್ ಬಂದ್ರೂ ಸುಮ್ನೆ ಕೂರೋದು ಮಾತ್ರ ಬೇಡ.

ಆದ್ರೆ ಇನ್ನೊಂದು ಮಾತು, ಇದು ನಿಮಗೆ ಇಷ್ಟ ಆಗದೇ ಇರ್ಬೋದು. ಅಹುಜಾ ತೀರ್ಪಲ್ಲೇ ಇದೆ, ಈ ಹಕ್ಕು ಯಾವತ್ತೂ ಅಲ್ಲಾಡದ ಹಕ್ಕಲ್ಲ, ವಯಸ್ಸಾದ ಅತ್ತೆ ಮಾವನ ನೆಮ್ಮದೀನೂ ಕೋರ್ಟು ತೂಗಿ ನೋಡ್ಬೇಕು ಅಂತ. ಕಾಯ್ದೆ ಪ್ರಕಾರ ಹೆಂಗಸೊಬ್ಬರನ್ನ ಮನೆ ಬಿಟ್ಟು ಹೋಗು ಅಂತ ಆದೇಶ ಮಾಡೋ ಹಾಗೂ ಇಲ್ಲ, ಅಂದ್ರೆ ನಿಮ್ಮತ್ತೆನ ನೀವು ಕಳ್ಸೋಕಾಗಲ್ಲ. ಹಾಗಾಗಿ ಕೊನೆಗೆ ಗಂಡ ಅದೇ ಏರಿಯಾದಲ್ಲಿ ಬಾಡಿಗೆ ಮನೆ ಮಾಡಿಕೊಡ್ಲಿ, ಅಡ್ವಾನ್ಸ್ ಅವ್ನೇ ಕೊಡ್ಲಿ ಅನ್ನೋ ಕಡೆಗೇ ಇಂಥ ಕೇಸುಗಳು ಎಷ್ಟೋ ಸಲ ತಿರುಗೋದು. ನನ್ನ ಅನುಭವ ಕೇಳಿದ್ರೆ, ಒಂದೇ ಅಡುಗೆಮನೇಲಿ ಅತ್ತೆ ಮುಖ ನೋಡ್ಕೊಂಡು ಹಕ್ಕು ಸಾಧಿಸ್ತಾ ಇರೋದಕ್ಕಿಂತ ಮಗನ ಸ್ಕೂಲ್ ಹತ್ರ ಒಂದು ಮನೆ, ಪ್ರತಿ ತಿಂಗಳು ಬಾಡಿಗೆ ಬರೋ ಹಾಗೆ ಗಟ್ಟಿ ಆರ್ಡರ್ ಸಿಕ್ರೆ ಅದನ್ನ ಸೋಲು ಅನ್ಕೋಬೇಡಿ. ಆ ಮನೆ ಸಿಗೋ ತನಕ ಮಾತ್ರ ಜಾಗ ಬಿಡ್ಬೇಡಿ.

ಪ್ರಶ್ನೆ: ಸರ್ಕಾರಿ ನೌಕರ, 45 ವರ್ಷ. ಮನೆ ನನ್ನ ಹೆಸರಲ್ಲಿ, ಸಾಲ ನನ್ನ ಸಂಬಳದಲ್ಲಿ. ಟ್ರೈನಿಂಗ್ ಅಂತ ಹತ್ತು ದಿನ ಹೋಗಿ ಬರೋಷ್ಟ್ರಲ್ಲಿ ಹೆಂಡ್ತಿ ಬೀಗ ಬದಲಾಯಿಸಿದಾಳೆ. ಸ್ಟೇಷನ್ನಲ್ಲಿ ಇದು ಸಿವಿಲ್ ಮ್ಯಾಟ್ರು ಅಂತ ಕಳ್ಸಿದ್ರು. ಕಾನೂನೆಲ್ಲ ಹೆಂಗಸರ ಪರನೇ ಇರೋದಾದ್ರೆ ನಮ್ಮಂಥೋರು ಎಲ್ಲಿಗೆ ಹೋಗ್ಬೇಕು? ಬೀಗ ಒಡೆದು ಒಳಗೆ ಹೋದ್ರೆ ತಪ್ಪಾ, ನನ್ ಮನೆ ತಾನೆ?
ನೊಂದವ, ಶಿವಮೊಗ್ಗ

ಉತ್ತರ: ಬೀಗ ಒಡೀಬೇಡಿ ಸಾರ್. ನಿಮ್ಮನೆ ಬೀಗ ನೀವು ಒಡೆಯೋದು ಅಪರಾಧ ಹೌದೋ ಅಲ್ವೋ ಅನ್ನೋ ಚರ್ಚೆ ಆಮೇಲೆ, ಒಡೆಯುವಾಗ ಮೇಲಿನ ಮನೆಯವ್ರು ಮೊಬೈಲಲ್ಲಿ ವಿಡಿಯೋ ಮಾಡ್ತಾರೆ, ಅದು ಮಾರನೇ ದಿನ ಕೋರ್ಟಲ್ಲಿ ಎಕ್ಸಿಬಿಟ್ ಆಗುತ್ತೆ, ಅಲ್ಲಿಗೆ ನೀವೇ ಅವ್ರ ಕೇಸು ಕಟ್ಟಿಕೊಟ್ಟ ಹಾಗೆ. ಕರೆಂಟ್ ಕನೆಕ್ಷನ್ ತೆಗ್ಸೋದು, ನೀರು ನಿಲ್ಸೋದು, ಗ್ಯಾಸ್ ಬುಕಿಂಗ್ ರದ್ದು ಮಾಡೋದು, ಇದೂ ಬೇಡ. ಮನೆ ಸೌಲಭ್ಯಕ್ಕೆ ಅಡ್ಡಿ ಮಾಡೋದನ್ನ ಡಿವಿ ಆಕ್ಟು ಆರ್ಥಿಕ ದೌರ್ಜನ್ಯ ಅಂತ ಕರೆಯುತ್ತೆ.

ಡಿವಿ ಆಕ್ಟಲ್ಲಿ ಅರ್ಜಿ ಹಾಕೋಕೆ ಗಂಡಸಿಗೆ ಅವಕಾಶ ಇಲ್ಲ, ಅದು ನಿಜ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೆ ದಾರಿನೇ ಇಲ್ಲ ಅನ್ನೋದು ತಪ್ಪು. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆ 7ನೇ ಸೆಕ್ಷನ್ ನೋಡಿ, ಗಂಡ ಹೆಂಡ್ತಿ ನಡುವಿನ ಆಸ್ತಿ ತಕರಾರು, ಮದ್ವೆ ಸಂಬಂಧದಿಂದ ಹುಟ್ಟಿದ ಪರಿಸ್ಥಿತಿಯಲ್ಲಿ ತಡೆಯಾಜ್ಞೆ, ಇವೆಲ್ಲ ಆ ಕೋರ್ಟಿನ ವ್ಯಾಪ್ತಿಗೆ ಬರುತ್ತೆ, ಅರ್ಜಿ ಇಬ್ರಲ್ಲಿ ಯಾರು ಬೇಕಾದ್ರೂ ಹಾಕ್ಬೋದು. ಮನೆಗೆ ಪ್ರವೇಶ ಕೊಡ್ಸಿ, ಇಲ್ಲಾಂದ್ರೆ ಕಡೇಪಕ್ಷ ನನ್ನ ಬಟ್ಟೆ, ಸರ್ಟಿಫಿಕೇಟು, ಸರ್ವಿಸ್ ದಾಖಲೆ ತಗೊಳ್ಳೋಕೆ ಕೋರ್ಟ್ ಕಮಿಷನರ್ ಜೊತೆ ಕಳ್ಸಿ ಅಂತ ಕೇಳಿ. ಎರಡನೇದು ಬೇಗ ಸಿಗೋ ಸಾಧ್ಯತೆ ಜಾಸ್ತಿ. ನಿಮ್ಮ ಹೆಂಡ್ತಿ ಕೈಯಲ್ಲಿ ಕೋರ್ಟ್ ಆರ್ಡರ್ ಇಲ್ದೇ ಬೀಗ ಬದಲಾಯ್ಸಿದ್ರೆ ಅದು ಬರೀ ಬೀಗ, ಆದೇಶ ಅಲ್ಲ, ಅವ್ರಿಗೆ ನಿಜವಾಗ್ಲೂ ಭಯ ಇತ್ತು ಅಂದ್ರೆ ಅವ್ರೂ ಕೋರ್ಟಿಗೇ ಹೋಗ್ಬೇಕಿತ್ತು.

ಈಗ ನೀವು ಬರ್ದಿಲ್ಲದ್ದನ್ನ ಕೇಳ್ತೀನಿ, ಬೇಜಾರಾಗ್ಬೇಡಿ. ಬೀಗ ಬದಲಾಯ್ಸೋ ಹಿಂದಿನ ವಾರ ಏನಾಯ್ತು? ನಿಮ್ಮ ಲಾಯರಿಗೆ ಮೊದ್ಲು ಅದನ್ನ ಪೂರ್ತಿ ಹೇಳಿ, ಯಾಕಂದ್ರೆ ಆ ಕಡೆಯವ್ರು ಹೇಳೇ ಹೇಳ್ತಾರೆ. ಮನೆ ನಿಮ್ಮ ಹೆಸರಲ್ಲಿದೆ ಅಂತ ಸೇಲ್ ಡೀಡ್ ಹಿಡ್ಕೊಂಡು ಹೋದ್ರೆ ಸಾಕು ಅಂದ್ಕೊಂಡಿದ್ರೆ ಮೇಲಿನ ಎರಡು ಉತ್ತರ ಇನ್ನೊಂದ್ಸಲ ಓದಿ. ಮದ್ವೆ ಆಗಿದ್ದಕ್ಕೇ ನಿಮ್ಮ ಮನೇಲಿ ಅವ್ರಿಗೆ ಅರ್ಧ ಪಾಲು ಬರಲ್ಲ, ನಮ್ಮಲ್ಲಿ ಅಂಥ ಕಾನೂನಿಲ್ಲ, ಗೋವಾದಲ್ಲಿ ಬೇರೆ ಪದ್ಧತಿ ಇದೆ. ಆದ್ರೆ ಪಾಲು ಇಲ್ಲ ಅಂದ್ರೂ ಸದ್ಯಕ್ಕೆ ಇರೋ ಹಕ್ಕು ಇದೆ. ಸಿಟ್ಟಲ್ಲಿ ಮನೆ ತಮ್ಮನ ಹೆಸರಿಗೆ ಬರ್ಕೊಟ್ಬಿಡೋಣ ಅನ್ನೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಜಡ್ಜ್‌ಗಳು ತಾರೀಕು ನೋಡ್ತಾರೆ.

ಪ್ರಶ್ನೆ: ಬಾಡಿಗೆ ಮನೆ, ಅಗ್ರಿಮೆಂಟ್ ಗಂಡನ ಹೆಸರಲ್ಲಿ. ಅವ್ನು ಹೊರಟೋಗಿ ಓನರ್‌ಗೆ ‘ನಾನು ಖಾಲಿ ಮಾಡಿದೀನಿ, ಅಡ್ವಾನ್ಸ್ ವಾಪಸ್ ಕೊಡಿ’ ಅಂತ ಮೆಸೇಜ್ ಹಾಕಿದಾನೆ. ಓನರ್ ಒಳ್ಳೆಯವ್ರೇ, ಆದ್ರೆ ನನ್ನನ್ನ ಇಟ್ಕೊಳ್ಳೋಕೆ ಭಯ ಬೀಳ್ತಿದಾರೆ.
ಓದುಗಿ, ತುಮಕೂರು

ಉತ್ತರ: ಗಂಡ ಬಾಡಿಗೆಗೆ ಹಿಡಿದಿದ್ದ ಮನೆನೂ ಕೂಡಿ ಬಾಳಿದ ಮನೆನೇ, ಅದಕ್ಕೆ ಸ್ವಂತದ್ದೇ ಆಗ್ಬೇಕು ಅಂತಿಲ್ಲ. 2005ರಲ್ಲಿ ಬಿ.ಪಿ. ಅಚಲಾ ಆನಂದ್ ಕೇಸು ಅಂತ ಬಂತು, ಗಂಡ ಬಿಟ್ಟುಹೋದ ಹೆಂಡ್ತಿ ಬಾಡಿಗೆ ಮನೆ ಖಾಲಿ ಮಾಡ್ಸೋ ಕೇಸಲ್ಲಿ ತಾನೇ ನಿಂತು ವಾದ ಮಾಡ್ಬೋದು ಅಂತ ಸುಪ್ರೀಂ ಕೋರ್ಟು ಒಪ್ಪಿತು, ಆದ್ರೆ ಮದ್ವೆ ಉಳಿದಿರೋ ತನಕ, ಡಿವೋರ್ಸ್ ಆದ್ಮೇಲೆ ಆ ಹಕ್ಕು ನಿಲ್ಲಲ್ಲ ಅಂತ. ಓನರ್‌ಗೆ ಬಾಡಿಗೆ ತಪ್ಪದೇ ನಿಮ್ಮ ಅಕೌಂಟಿಂದಾನೇ ಹಾಕಿ, ಕೈಗೆ ಕೊಡ್ಬೇಡಿ, ಲೆಕ್ಕ ಇರುತ್ತೆ. ಅವ್ರು ಒಪ್ಪಿದ್ರೆ ಅಗ್ರಿಮೆಂಟ್ ನಿಮ್ಮ ಹೆಸರಿಗೇ ಹೊಸದಾಗಿ ಮಾಡ್ಸಿ, ಭಯ ಅವ್ರಿಗೂ ಕಮ್ಮಿ ಆಗುತ್ತೆ. ಬಾಡಿಗೆ ದುಡ್ಡನ್ನ ಗಂಡನಿಂದ ಮಧ್ಯಂತರ ಜೀವನಾಂಶದಲ್ಲಿ ಕೇಳೋದು ಬೇರೆ ಅರ್ಜಿ, ಅದಕ್ಕೆ ಇಬ್ರೂ ಆಸ್ತಿ ಆದಾಯದ ಅಫಿಡವಿಟ್ ಕೊಡ್ಬೇಕು, 2020ರ ರಜನೀಶ್ ವರ್ಸಸ್ ನೇಹಾ ತೀರ್ಪಿನ ಮೇಲೆ ಅದು ಕಡ್ಡಾಯ.

ಪ್ರಶ್ನೆ: ಇಬ್ರೂ ಒಪ್ಪಿ ಡಿವೋರ್ಸ್ ತಗೊಳ್ತಿದೀವಿ. ಬೇರೆ ಮನೆ ಮಾಡೋಷ್ಟು ದುಡ್ಡಿಲ್ಲ, ಒಂದೇ ಮನೇಲಿದ್ರೆ ಕೋರ್ಟಿಗೆ ಬೇಕಾದ ಹಾಗೆ ‘ಒಂದು ವರ್ಷ ಬೇರೆ ಇದ್ದೀವಿ’ ಅಂತ ಹೇಳೋಕಾಗುತ್ತಾ?
ದಂಪತಿ, ಮೈಸೂರು

ಉತ್ತರ: ಆಗುತ್ತೆ. ಬೇರೆ ಇರೋದು ಅಂದ್ರೆ ಗಂಡ ಹೆಂಡ್ತಿಯಾಗಿ ಬದುಕ್ತಿಲ್ಲ ಅಂತ ಅರ್ಥ, ಒಂದೇ ಸೂರಿನ ಕೆಳಗಿದ್ರೂ ಬೇರೆ ಇರ್ಬೋದು ಅಂತ 1991ರಲ್ಲೇ ಸುರೇಷ್ಟಾ ದೇವಿ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಿಟಿಷನ್ನಲ್ಲಿ ಮುಚ್ಚಿಡ್ದೇ ಬರ್ಸಿ. ಇಬ್ರೂ ಸೇರಿ ಒಂದೇ ಪತ್ರ ಬರ್ದಿದೀರ, ಇಷ್ಟು ಜಗಳದ ಮಧ್ಯೆ ಅದನ್ನ ಓದಿ ಖುಷಿ ಆಯ್ತು ಅಂದ್ರೆ ತಪ್ಪು ತಿಳ್ಕೋಬೇಡಿ.

ಪ್ರಶ್ನೆ: ಗಂಡ ಮನೆಗೆ ಬರ್ಬಾರ್ದು ಅಂತ ಮಧ್ಯಂತರ ಆದೇಶ ಸಿಕ್ಕಿ ಎಂಟು ತಿಂಗಳಾಯ್ತು. ಮನೆ ಅವ್ನ ಹೆಸರಲ್ಲೇ ಇದೆ. ಈಗ ಕಿಚನ್ ಒಡ್ಸಿ ಹೊಸದಾಗಿ ಮಾಡ್ಸೋಣ, ಮೇಲಿನ ರೂಮು ಬಾಡಿಗೆಗೆ ಕೊಡೋಣ ಅಂತಿದೀನಿ. ಮನೆ ನಂದಾಯ್ತು ತಾನೇ?
ಓದುಗಿ, ದಾವಣಗೆರೆ

ಉತ್ತರ: ಇಲ್ಲ, ಮನೆ ನಿಮ್ದಾಗಿಲ್ಲ. ನಿಮಗೆ ಸಿಕ್ಕಿರೋದು ಇರೋ ಹಕ್ಕು, ಅದೂ ಸದ್ಯಕ್ಕೆ. ಪರಿಸ್ಥಿತಿ ಬದಲಾಯ್ತು ಅಂತ ಇಬ್ರಲ್ಲಿ ಯಾರು ಬೇಕಾದ್ರೂ 25ನೇ ಸೆಕ್ಷನ್ನಲ್ಲಿ ಆದೇಶ ಬದಲಾಯ್ಸಿ ಅಂತ ಕೇಳ್ಬೋದು, ನೀವು ರೂಮು ಬಾಡಿಗೆಗೆ ಕೊಟ್ರೆ ಅವ್ನಿಗೆ ಆ ಅವಕಾಶನ ನೀವೇ ತಟ್ಟೇಲಿಟ್ಟು ಕೊಟ್ಟಂಗೆ. ಒಡ್ಸೋದು ಕಟ್ಸೋದು ಬೇಡ, ಸೋರ್ತಿರೋ ಕಡೆ ರಿಪೇರಿ ಮಾಡ್ಸಿ, ಬಿಲ್ ಇಟ್ಕೊಳ್ಳಿ. ಡಿವೋರ್ಸ್ ಡಿಕ್ರಿ ಆಗೋ ಹೊತ್ತಿಗೆ ಶಾಶ್ವತ ಜೀವನಾಂಶ ಮಾತಾಡ್ತಾರಲ್ಲ, ಆಗ ಈ ಮನೇನೋ ಬೇರೆ ಮನೇನೋ ನಿಮ್ಮ ಹೆಸರಿಗೆ ಬರ್ಸ್ಕೊಳ್ಳೋ ಮಾತುಕತೆ ಮಾಡಿ, ಅದಕ್ಕೆ ಈಗಿನಿಂದ್ಲೇ ಲಾಯರ್ ಜೊತೆ ಕೂತು ಲೆಕ್ಕ ಹಾಕಿ. ಮತ್ತೆ ಮಾರೋದಕ್ಕೆ ತಡೆ ಇದ್ಯಾ ಅಂತ ನಿಮ್ಮ ಆದೇಶದ ಪ್ರತಿ ತೆಗೆದು ನೋಡಿ, ಬರೀ ‘ಪ್ರವೇಶಿಸಬಾರದು’ ಅಂತಷ್ಟೇ ಇದ್ರೆ ಅವ್ನು ಮನೆಗೆ ಕಾಲಿಡ್ದೇನೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರ್ಬೋದು. ಇಸಿ, ಅಂದ್ರೆ ಮನೆ ಮೇಲೆ ಮಾರಾಟ ಅಡಮಾನ ಏನಾದ್ರೂ ರಿಜಿಸ್ಟರ್ ಆಗಿದ್ಯಾ ಅಂತ ತೋರಿಸೋ ಋಣಭಾರ ಪತ್ರ, ತೆಗ್ಸಿ ನೋಡಿ, ಈ ವಾರಾನೇ.